ಹದಿನೆಂಟು ಇಂಟು ಎಂಟೂವರೆ ಮೈನಸ್ ಎಂಟು

ಕೆಲವರಿಗೆ ಸಿಹಿ ಕಂಡರೆ ಕೈ ತಡೆಯುವುದಿಲ್ಲ, ಕೆಲವರಿಗೆ ಪಕ್ಕದ ಮನೆಯವರ ಪೇಪರ್ ಕಂಡರೆ. ನನ್ನ ಚಪಲ ಅಂಕಿಗಳದ್ದು. ಜಯನಗರದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತದ ಮೇಷ್ಟ್ರಾಗಿದ್ದವನು ನಾನು. ಸಿಗ್ನಲ್ಲಿನಲ್ಲಿ ನಿಂತಾಗ ಮುಂದಿನ ಆಟೋದ ನಂಬರನ್ನು ಒಂಬತ್ತರಿಂದ ಭಾಗಿಸಿ ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಒಮ್ಮೆ ಮದುವೆ ಮನೆಯಲ್ಲಿ, ಒಂದು ಪಂಕ್ತಿಗೆ ಎಷ್ಟು ಹೋಳಿಗೆ ಬೇಕಾದೀತು ಎಂದು ಲೆಕ್ಕ ಹಾಕುತ್ತಾ ಕೂತು, ಬಡಿಸುವವನು ನನ್ನ ಎಲೆ ದಾಟಿ ಹೋದದ್ದೇ ಗೊತ್ತಾಗಲಿಲ್ಲ. "ರಿಟೈರ್ ಆದ್ಮೇಲೆ ಸರಿಹೋಗ್ತಾರೆ ಬಿಡಿ" ಎಂದು ನನ್ನ ಹೆಂಡತಿ ಸರೋಜ ಹಿಂದೆಲ್ಲ ನೆಂಟರಿಗೆ ಧೈರ್ಯ ಹೇಳುತ್ತಿದ್ದಳು. ನಾನು ರಿಟೈರಾಗಿ ಆರು ವರ್ಷವಾಯಿತು. ಈಗ ಅವಳು ಆ ಮಾತೆತ್ತುವುದಿಲ್ಲ.

ಜೆ.ಪಿ. ನಗರದ ಕೊನೆಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗೇಟಿನಿಂದ ನಮ್ಮ ಬ್ಲಾಕಿನವರೆಗೆ ಉದ್ದನೆಯ ಏರು. ವಯಸ್ಸಾದವರಿಗೆ ಅನುಕೂಲವಾಗಲೆಂದು ಅಸೋಸಿಯೇಷನ್ನಿನವರು ಗಾಲ್ಫ್ ಕಾರ್ಟ್ ಎಂಬ ಪುಟ್ಟ ಬ್ಯಾಟರಿ ಗಾಡಿ ತರಿಸಿದ್ದಾರೆ. ಗಾಲ್ಫ್ ಆಡುವವರು ನಮ್ಮಲ್ಲಿ ಒಬ್ಬರೂ ಇಲ್ಲ. ಕಮಿಟಿಯವರು ಅದನ್ನು 'ಬಗ್ಗಿ' ಎನ್ನುತ್ತಾರೆ. ಚಾವಣಿ ತಗ್ಗಾಗಿದ್ದು ಎಲ್ಲರೂ ಬಗ್ಗಿಯೇ ಹತ್ತಬೇಕಾದ್ದರಿಂದ ಅದು ಅಚ್ಚ ಕನ್ನಡದ ಹೆಸರೇ ಇರಬೇಕೆಂದು ನಾನು ಬಹಳ ದಿನ ನಂಬಿದ್ದೆ. ಅದನ್ನು ಓಡಿಸುವವರು ಮುನಿರಾಜು ಅಂತ, ಐವತ್ತರ ಆಸುಪಾಸಿನವರು. ಈ ಅಪಾರ್ಟ್‌ಮೆಂಟ್ ಎದ್ದಿರುವ ಜಾಗದಲ್ಲಿ ಅವರ ತಂದೆ ರಾಗಿ ಬೆಳೆಯುತ್ತಿದ್ದರಂತೆ. ಚಿಕ್ಕಲಸಂದ್ರದಲ್ಲಿ ಮೂರು ಮನೆ ಬಾಡಿಗೆಗೆ ಕೊಟ್ಟಿದ್ದಾರೆ. ಮತ್ಯಾಕೆ ಈ ಕೆಲಸ ಎಂದರೆ, "ಮನೇಲಿ ಕೂತ್ರೆ ಹೊತ್ತೇ ಹೋಗಲ್ಲ ಸಾರ್" ಎನ್ನುತ್ತಾರೆ. ಅವರ ಗಾಡಿಯಲ್ಲಿ ಕೂರುವಾಗ ಮನೆ ಮಾಲೀಕರ ಮುಂದೆ ಕೂತಂತೆ ನನಗೆ ಒಂದಿಷ್ಟು ಸಂಕೋಚ.

ಸರೋಜಳಿಗೆ ಮಂಡಿ ಆಪರೇಷನ್ ಆಗಿ ಮೂರು ತಿಂಗಳಾಗಿತ್ತು. ಮನೆಯೊಳಗೆ ಕೋಲು ಹಿಡಿದು ಓಡಾಡುತ್ತಿದ್ದಳು. ಇಳಿಜಾರು ಮಾತ್ರ ಕೂಡದೆಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಗೇಟಿನ ಬಳಿಯ ಕ್ಲಬ್ ಹೌಸಿನಲ್ಲಿ ಭಾನುವಾರ ಅವಳ ಭಜನಾ ಮಂಡಳಿಯ ಕಾರ್ಯಕ್ರಮ. ಮೊದಲ ಹಾಡು ಅವಳದೇ. ಮೂರು ತಿಂಗಳಲ್ಲಿ ಮೊದಲ ಸಲ ಹೊರಗೆ ಹೋಗುವ ಸಂಭ್ರಮಕ್ಕೆ ಸೀರೆಯನ್ನೂ ತೆಗೆದಿಟ್ಟಿದ್ದಳು. ಆಗಲೇ, ಸೋಮವಾರ ಬೆಳಿಗ್ಗೆ, ಯಾರದೋ ಮನೆ ರಿಪೇರಿಯ ಕಬ್ಬಿಣದ ಚೂರು ಹೊಕ್ಕು ಬಗ್ಗಿಯ ಹಿಂದಿನ ಟೈರು ಸೀಳಿಹೋಯಿತು. ಸರೋಜ ತೆಗೆದಿಟ್ಟಿದ್ದ ಸೀರೆಯನ್ನು ಮತ್ತೆ ಬೀರುವಿನಲ್ಲಿಟ್ಟಳು. ಅದನ್ನು ಕಂಡವನೇ, "ಭಾನುವಾರದೊಳಗೆ ಟೈರ್ ತರೋ ಜವಾಬ್ದಾರಿ ನಂದು" ಎಂದು ಕಮಿಟಿಯವರ ಮುಂದೆ ಘೋಷಿಸಿಬಿಟ್ಟೆ. ನಾನು ಜೀವಮಾನದಲ್ಲಿ ಕೊಂಡ ಟೈರುಗಳೆಲ್ಲ ಸೈಕಲ್ಲಿನವು.

"ಸಾರ್, ಹಳೇ ಟೈರೇ ಎತ್ಕೊಂಡೋಗಿ ತೋರ್ಸಿ. ಅವ್ರೇ ನೋಡಿ ಕೊಡ್ತಾರೆ" ಎಂದರು ಮುನಿರಾಜು. ಕಾಯಿ ತರಲು ಹೋಗುವವನು ಹಳೇ ಚಿಪ್ಪು ಹಿಡಿದು ಹೋಗುತ್ತಾನೆಯೇ? ಬಗ್ಗಿ ನೋಡಿದೆ. ಟೈರಿನ ಪಕ್ಕೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು: 18x8.50-8. ನನಗೆ ರೋಮಾಂಚನವಾಯಿತು. ಇದು ಟೈರಲ್ಲ, ಪ್ರಶ್ನೆಪತ್ರಿಕೆ! ಮೊದಲು ಗುಣಾಕಾರ, ಆಮೇಲೆ ವ್ಯವಕಲನ. ಹದಿನೆಂಟು ಇಂಟು ಎಂಟೂವರೆ, ನೂರಾ ಐವತ್ತಮೂರು. ಅದರಲ್ಲಿ ಎಂಟು ಹೋದರೆ ನೂರಾ ನಲವತ್ತೈದು. ಎಂಟೂವರೆಯಂಥ ಒಡಕು ಸಂಖ್ಯೆಯಿಂದ ಹೊರಟರೂ ಉತ್ತರ ಪೂರ್ಣಾಂಕ! ಉತ್ತರ ಪೂರ್ಣಾಂಕ ಬಂದರೆ ಲೆಕ್ಕ ಸರಿ ಎಂದುಕೊಳ್ಳುವ ಮಕ್ಕಳನ್ನು ನಾನು ಮೂವತ್ತು ವರ್ಷ ಗೇಲಿ ಮಾಡಿದ್ದೇನೆ. ಸ್ಟೆಪ್ಸ್ ಬರೆಯದೆ ಬರೀ ಉತ್ತರ ಬರೆದವರ ಮಾರ್ಕ್ಸ್ ಕತ್ತರಿಸಿದ್ದೇನೆ. ಆ ದಿನ ನಾನು ಒಂದು ಚೀಟಿಯಲ್ಲಿ ಬರೀ 145 ಎಂದು ಬರೆದುಕೊಂಡು ಬನಶಂಕರಿಯ ಟೈರ್ ಅಂಗಡಿಗೆ ಹೋದೆ.

ಅಂಗಡಿಯವರು ಚೀಟಿ ನೋಡಿ, "ನೂರಾ ನಲವತ್ತೈದಾ? ಇದೆ ಸಾರ್" ಎಂದರು. ಇಂಥ ಉತ್ತರವಿರುವ ಟೈರು ನಿಜಕ್ಕೂ ಇದೆಯೆಂದಾಗ ನನಗಾದ ಹೆಮ್ಮೆಯನ್ನು ಹೇಗೆ ಹೇಳಲಿ! "ಚಿಕ್ಕ ಕಾರಿಗೆ ತಾನೆ?" ಎಂದರು. ಬಗ್ಗಿಯೂ ಒಂದು ಬಗೆಯ ಚಿಕ್ಕ ಕಾರೇ ಅಲ್ಲವೇ? ಹೌದೆಂದೆ. "ರಿಮ್ ಹನ್ನೆರಡಾ ಸಾರ್?" ಎಂದು ಮತ್ತೆ ಕೇಳಿದರು. ಮಧ್ಯೆ ಬಾಯಿ ಹಾಕುವ ವಿದ್ಯಾರ್ಥಿಗೆ ಹೇಳುವ ದನಿಯಲ್ಲಿ, "ನೋಡೀಪ್ಪಾ, ಎಲ್ಲಾ ಸೇರಿಸಿಯೇ ನೂರಾ ನಲವತ್ತೈದು" ಎಂದೆ. ಅವರು ನನ್ನ ಬಿಳಿ ಕೂದಲಿಗೆ ಗೌರವ ಕೊಟ್ಟು ಟೈರು ಇಳಿಸಿಕೊಟ್ಟರು.

ನಮ್ಮ ಬ್ಲಾಕಿನ ಮುಂದೆ ಮುನಿರಾಜು ಹೊಸ ಟೈರನ್ನು ರಿಮ್ಮಿನ ಮೇಲೆ ಇಟ್ಟರು. ಟೈರು ರಿಮ್ಮಿಗೆ ಎಲ್ಲೂ ತಾಗದೆ ಸೀದಾ ನೆಲಕ್ಕೆ ಬಿತ್ತು. ಮಗುವಿನ ಕೈಗೆ ಅಜ್ಜಿಯ ಬಳೆ ಹಾಕಿದಂತಿತ್ತು. "ಸಾರ್, ಇದು ಕಾರಿಂದು" ಎಂದರು ಮುನಿರಾಜು, ನನ್ನ ಮುಖ ನೋಡದೆ. ನಾನು ಲೆಕ್ಕವನ್ನು ಬಿಡಿಸಿ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, ಹಳೇ ಟೈರನ್ನು ಹೆಗಲಿಗೇರಿಸಿ, "ಮೇಡಂನ ಒಂದ್ ಮಾತು ಕೇಳಣ ಬನ್ನಿ ಸಾರ್" ಎಂದು ಲಿಫ್ಟಿನ ಕಡೆ ನಡೆದರು.

ಸರೋಜ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಬ್ಲೌಸಿಗೆ ಹುಕ್ ಹೊಲಿಯುತ್ತಿದ್ದಳು. ಟೈರಿನ ಬರಹ ನೋಡಿದಳು, ನನ್ನ ವಿವರಣೆ ಕೇಳಿದಳು, ಹೊಲಿಗೆ ಡಬ್ಬಿಯಿಂದ ಟೇಪು ತೆಗೆದಳು. ಮೇಲಿಂದ ಕೆಳಗೆ ಹಿಡಿದಳು, ಹದಿನೆಂಟು ಇಂಚು. ಅಡ್ಡಲಾಗಿ ಹಿಡಿದಳು, ಎಂಟೂವರೆ. ನಡುವಿನ ತೂತಿಗೆ ಹಿಡಿದಳು, ಎಂಟು. "ಎತ್ತರ, ಅಗಲ, ಒಳಗಿನ ರಿಮ್ಮು. ಇದು ಅಳತೆ ಕಣ್ರೀ, ಲೆಕ್ಕ ಅಲ್ಲ" ಎಂದಳು.

"ಮತ್ತೆ ಇಂಟು ಅಂತ ಹಾಕಿದಾರಲ್ಲೇ?"

"ಬೆಡ್‌ಶೀಟ್ ಪ್ಯಾಕೆಟ್ ಮೇಲೂ ಇಂಟು ಇರತ್ತೆ. ಗುಣಿಸ್ಕೊಂಡು ಹೊದಿತೀರಾ?"

"ಮೈನಸ್ಸು?"

"ಅದು ಬರೀ ಗೀಟು."

ಮುನಿರಾಜು ತಮ್ಮ ಮೀಸೆಯ ಮರೆಯಲ್ಲಿ ನಗುತ್ತಿದ್ದರು. ಮೂವತ್ತು ವರ್ಷದ ಸರ್ವಿಸು ಒಂದು ಹೊಲಿಗೆ ಟೇಪಿನ ಮುಂದೆ ತಲೆ ತಗ್ಗಿಸಿ ನಿಂತಿತ್ತು.

ಮರುದಿನ ಮುನಿರಾಜು, ನಾನು, ಹಳೇ ಟೈರು ಮೂವರೂ ಆಟೋದಲ್ಲಿ ಹೋದೆವು. ನಮ್ಮ ಅಳತೆಯದು ಅಂಗಡಿಯಲ್ಲಿರಲಿಲ್ಲ. ಶನಿವಾರದೊಳಗೆ ತರಿಸಿಕೊಡುತ್ತೇನೆಂದ ಅಂಗಡಿಯವರು, "ಇಪ್ಪತ್ತೆರಡು ಇಂಚಿಂದು ಈಗ್ಲೇ ಇದೆ, ರಿಮ್ ಅದೇ ಎಂಟು. ಹಾಕಿದ್ರೆ ಗಾಡಿ ಸಖತ್ತಾಗಿ ಕಾಣತ್ತೆ" ಎಂದು ಆಸೆ ಹುಟ್ಟಿಸಿದರು. ನನಗೆ ಬಾಯಲ್ಲಿ ನೀರೂರಿತು. ಮುನಿರಾಜು ಒಪ್ಪಲಿಲ್ಲ. "ಟೈರ್ ಮೇಲೆ ಮೂರು ಬೆರಳು ಜಾಗ ಇಲ್ಲ. ಮಡ್‌ಗಾರ್ಡ್‌ಗೆ ಉಜ್ಜತ್ತೆ. ಒಂದು ಚಕ್ರ ದೊಡ್ಡದಾಗಿ ಇನ್ನೊಂದು ಚಿಕ್ಕದಾದ್ರೆ ಮೇಡಂ ವಾಲ್ಕೊಂಡು ಹೋಗ್ಬೇಕಾಗತ್ತೆ" ಎಂದರು. ಇನ್ನೊಂದು ಪಕ್ಕದ್ದೂ ಸವೆದಿತ್ತಾದ್ದರಿಂದ ಹಿಂದಿನ ಎರಡಕ್ಕೂ ಹದಿನೆಂಟರ ಟೈರನ್ನೇ ಹೇಳಿ ಬಂದೆವು. ಅಲ್ಲಿಂದ ನಾಲ್ಕು ದಿನ ಸರೋಜ ದಿನಕ್ಕೆ ಮೂರು ಸಲ, "ಟೈರ್ ಬಂತಂತಾ?" ಎಂದು ಕೇಳಿದಳು. ಹಾಡಿನ ಮೇಲೆ ಅವಳಿಗಿರುವ ಪ್ರೀತಿ ನೋಡಿ ನನ್ನ ಕಣ್ಣು ಒದ್ದೆಯಾಯಿತು.

ಶನಿವಾರ ಸಂಜೆ ಎರಡೂ ಟೈರು ಬಂದವು, ರಿಮ್ಮಿಗೆ ಗಪ್ಪನೆ ಕೂತವು. ಭಾನುವಾರ ಬೆಳಿಗ್ಗೆ ಭಜನಾ ಮಂಡಳಿಯ ಮೂವರು ಹೆಂಗಸರು ಬಗ್ಗಿಯಲ್ಲೇ ಬಂದು ಸರೋಜಳನ್ನು ಕೈಹಿಡಿದು ಹತ್ತಿಸಿಕೊಂಡರು. ಅವಳ ಮುಖದಲ್ಲಿ ಅಂಥ ಕಳೆ ಕಂಡು ಎಷ್ಟು ದಿನವಾಗಿತ್ತು! ಇದೆಲ್ಲ ನನ್ನ ಓಡಾಟದ ಫಲವೆಂದು ಬೀಗುತ್ತಾ, ಅವಳ ನೀರಿನ ಬಾಟಲಿ ಹಿಡಿದು, ಎಲ್ಲಿ ಜಾಗವಿದೆಯೆಂದು ನಾನೂ ಬಗ್ಗಿ ನೋಡಿದೆ.

"ಮೂರು ತಿಂಗಳು ಮನೇಲೇ ಹೇಗಿದ್ರಿ ಸರೋಜಮ್ಮ? ಮಂಡಿ ತುಂಬಾ ನೋವಿತ್ತಾ?" ಎಂದು ಒಬ್ಬರು ಕೇಳಿದರು.

"ಮಂಡಿ ಏನೋ ಪರವಾಗಿಲ್ಲ ಕಣ್ರೀ" ಎಂದಳು ಸರೋಜ, ನನ್ನ ಕೈಯಿಂದ ಬಾಟಲಿ ಇಸಿದುಕೊಳ್ಳುತ್ತಾ. "ಇವ್ರೂ ಮೂರು ತಿಂಗಳು ಮನೇಲೇ ಇದ್ರು. ಮುನಿರಾಜು, ಬೇಗ ಹೊರಡಿ!"