ವಿಮರ್ಶೆ ಅಚ್ಚಾದ ಮಾರನೇ ದಿನ

ಮಧುಗಿರಿಯ ಒಂದು ವಾರಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುವವನು ನಾನು. ಹೇಗೆ ಬರೆಯಬೇಕು ಅಂತ ಬಹಳ ಜನ ಕೇಳುತ್ತಾರೆ. ಬರೆಯೋದು ಸುಲಭ ಸ್ವಾಮಿ. ಅಚ್ಚಾದ ಮಾರನೇ ದಿನಕ್ಕೆ ಎದೆ ಗಟ್ಟಿ ಇರಬೇಕು. ಏನಾದರೊಂದು ಆಗುತ್ತಲೇ ಇರುತ್ತದೆ.

ಕಣ್ಣಿಟ್ಟು ನೋಡಬೇಕು

ಒಂದು ಹಳ್ಳಿ ಕಥೆಯ ಚಿತ್ರ. 'ನಾಯಕಿ ಮೇಕೆ ಹಾಲು ಕರೆಯುವ ದೃಶ್ಯದ ಸಹಜತೆ ಮನ ಮುಟ್ಟುತ್ತದೆ' ಅಂತ ಬರೆದಿದ್ದೆ. ಕೊಡಿಗೇನಹಳ್ಳಿ ಬಸ್ಸಿನಲ್ಲಿ ಮೇಕೆ ಸಾಕುವ ಅಜ್ಜಿಯೊಬ್ಬರು ಪಕ್ಕದಲ್ಲಿ ಕೂತರು.

"ಮೊಮ್ಮಗಳು ಓದಿ ಹೇಳಿದ್ಲು. ಅದ್ನ ಬರ್ದೋನು ನೀನೇಯಾ?"

"ಹೌದಮ್ಮ" ಅಂದೆ, ಹೊಗಳಿಕೆಗೆ ಕಾಯುತ್ತಾ.

"ನಾನೂ ನೋಡ್ದೆ ಆ ಸಿನ್ಮಾನ. ಅವ್ಳು ಹಾಲು ಕರ್ದಿದ್ದು ಹೋತದ ತಾವ ಕಣಪ್ಪ. ಗಂಡು!"

ಬಸ್ಸಿಗೆ ಬಸ್ಸೇ ನನ್ನ ಕಡೆ ತಿರುಗಿತು. ಅಜ್ಜಿ ಬಿಡಲಿಲ್ಲ:

"ಅದ್ರಾಗೆ ಚೆನ್ನಾಗಿ ಆಕ್ಟ್ ಮಾಡಿದ್ದು ಆ ಹೋತ ಒಂದೇಯಾ. ಅದರ ಸುದ್ದೀನೇ ಬರೀದೆ ಬುಟ್ಬುಟ್ಟಿದ್ದೀಯಲ್ಲ!"

ತಲೆಬರಹ

ಮೂರು ಗಂಟೆ ಎಳೆದಾಡಿದ ಚಿತ್ರವೊಂದಕ್ಕೆ 'ಅಬ್ಬಾ, ಕೊನೆಗೂ ಮುಗಿಯಿತು!' ಅಂತ ತಲೆಬರಹ ಕೊಟ್ಟೆ. ಪತ್ರಿಕೆ ಬಿಚ್ಚಿ ನೋಡಿದೆ. ನನ್ನ ತಲೆಬರಹ ಪಕ್ಕದ ಕಾಲಂಗೆ ಹಾರಿ, ಶಿರಾದ ಹಿರಿಯರೊಬ್ಬರ ಶ್ರದ್ಧಾಂಜಲಿ ಫೋಟೋದ ಮೇಲೆ ಕೂತಿತ್ತು!

ಅವರ ಮನೆಗೆ ಕ್ಷಮೆ ಕೇಳಲು ಹೋದೆ. ಮಗ ಕೆಂಡವಾಗಿದ್ದ, ಕೂತ್ಕೊ ಅಂತಲೂ ಅನ್ನಲಿಲ್ಲ. ಹೊರಟಾಗ ಸೊಸೆ ಗೇಟಿನ ತನಕ ಬಂದರು. ಇವರೂ ಬೈಯುತ್ತಾರೆ ಅಂತ ತಲೆ ತಗ್ಗಿಸಿದೆ. ಆಕೆ ಹಿಂದೆ ಮುಂದೆ ನೋಡಿ ಪಿಸುಗುಟ್ಟಿದರು:

"ಮಾವನೋರು ನಿಮಗೆ ಮೊದಲೇ ಪರಿಚಯಾನಾ ಸಾರ್?"

ಉಲ್ಟಾ

ಪಾವಗಡದಲ್ಲಿ ನೋಡಿದ ಚಿತ್ರವಂತೂ ನನ್ನನ್ನು ದಂಗುಬಡಿಸಿತು. ಇಂಟರ್‌ವಲ್‌ಗೆ ಮುಂಚೆಯೇ ನಾಯಕ ಸತ್ತ, ಚಿತೆಯೂ ಉರಿಯಿತು. ಇಂಟರ್‌ವಲ್ ಮುಗಿದ ಮೇಲೆ ಹುಟ್ಟಿ, ತೊಟ್ಟಿಲಲ್ಲಿ ಕೈಕಾಲು ಆಡಿಸಿದ. 'ಕಾಲವನ್ನೇ ಹಿಂದಕ್ಕೆ ತಿರುಗಿಸಿದ ಧೀರ ನಿರ್ದೇಶಕ' ಅಂತ ಅರ್ಧ ಪುಟ ಹೊಗಳಿದೆ.

ಪತ್ರಿಕೆ ಬಂದ ಮಾರನೇ ದಿನವೇ ಟಾಕೀಸಿನ ಮ್ಯಾನೇಜರ್ ಫೋನ್ ಮಾಡಿದ.

"ಕೊಂಪ ಮುನಿಗಿಂದಿ ಸಾರ್, ಮನೆ ಮುಳುಗೋಯ್ತು! ಅವತ್ತು ನಮ್ಮ ಆಪರೇಟರು ಸೆಕೆಂಡ್ ಹಾಫ್ ಮೊದ್ಲು ಹಾಕ್ಬುಟ್ಟಿದ್ದ!"

ಅರ್ಧ ಪುಟದ ಮಾನ ಹೋಯಿತಲ್ಲ!

"ಈಗಲಾದರೂ ಸರಿಯಾಗಿ ಹಾಕ್ತಿದ್ದೀರಾ?" ಅಂದೆ.

"ಹಾಕಿದ್ದಕ್ಕೇ ಸಾರ್ ಗಲಾಟೆ! ನಿಮ್ಮ ವಿಮರ್ಶೆ ಓದ್ಕೊಂಡು ಬಂದೋರು ಬಾಗ್ಲು ಬಡೀತಾವ್ರೆ. 'ಡೈರೆಕ್ಟ್ರು ಕಷ್ಟಪಟ್ಟು ಮಾಡಿರೋದ್ನ ಉಲ್ಟಾ ಮಾಡೋಕೆ ನೀನ್ಯಾವನ್ಲಾ?' ಅಂತಾವ್ರೆ!"