ಚಿಕ್ಕಪ್ಪನ ಗಾಲ್ಫು, ನನ್ನ ಎಗರು

ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ನಮ್ಮ ಚಿಕ್ಕಪ್ಪ ಗಾಲ್ಫ್ ಚೆಂಡಿಗೆ ಹೊಡೆಯುವ ಮುನ್ನ, ದಾಂಡು ತಲೆಯ ಮೇಲಿರುವಾಗ, ಬಲಗಾಲಿನಲ್ಲಿ ಒಂದು ಪುಟ್ಟ ಎಗರು ಎಗರುತ್ತಾರೆ. ಆಗ ನಾಲಿಗೆಯ ತುದಿ ಹೊರಗಿರುತ್ತದೆ. ಇಡೀ ಭೂಮಂಡಲದಲ್ಲಿ ಹಾಗೆ ಹೊಡೆಯುವವರು ಅವರೊಬ್ಬರೇ ಎಂದು ನಾನು ಆಣೆಯಿಟ್ಟು ಹೇಳಬಲ್ಲೆ. ಏಕೆಂದರೆ ಆ ಎಗರನ್ನು ಹೆತ್ತವನು ನಾನೇ.

ಬಂಧುಬಳಗದಲ್ಲಿ ನನಗೆ ‘ಮಿಮಿಕ್ರಿ’ ಎಂದೇ ಹೆಸರು. ಪುರೋಹಿತರು ಮಂತ್ರದ ನಡುವೆ ದಕ್ಷಿಣೆಯ ತಟ್ಟೆಯತ್ತ ಕಣ್ಣು ಹಾಯಿಸುವುದು, ಸೋದರತ್ತೆ ಫೋನಿನಲ್ಲಿ ‘ಇಡ್ತೀನಿ, ಇಡ್ತೀನಿ’ ಎನ್ನುತ್ತಲೇ ಅರ್ಧ ಗಂಟೆ ಇಡದಿರುವುದು, ಎಲ್ಲವೂ ನನ್ನ ಬಳಿ ಸಿದ್ಧವಿರುತ್ತಿತ್ತು. ನನ್ನನ್ನೂ ನಾನು ಬಿಟ್ಟವನಲ್ಲ. ಪಿಯುಸಿ ಫಲಿತಾಂಶದ ದಿನ ನಾನು ವಿಜಯನಗರದ ನಮ್ಮ ಮನೆಯ ಗೇಟು ತೆಗೆದು ಒಳಗೆ ಬಂದ ರೀತಿ ಇವತ್ತಿಗೂ ನನ್ನ ಅತಿ ಬೇಡಿಕೆಯ ಐಟಂ.

ಚಿಕ್ಕಪ್ಪನ ಮನೆ ಮೂಡಲಪಾಳ್ಯದಲ್ಲಿ. ನಾಯಂಡಹಳ್ಳಿಯಲ್ಲಿ ಅವರದೊಂದು ಪುಟ್ಟ ವರ್ಕ್‌ಶಾಪು. ಮೈಸೂರು ರಸ್ತೆಯಲ್ಲಿ ಇನ್ನೂ ಮೆಟ್ರೊ ಕಂಬಗಳು ಎದ್ದಿರದ ಕಾಲ ಅದು. ಅವರ ಒಂದೇ ಹೆಮ್ಮೆಯೆಂದರೆ, ಯಾವುದನ್ನೂ ಯಾರ ಕೈಕೆಳಗೂ ಕಲಿತವರಲ್ಲ ಎಂಬುದು. ಲೇತು ಓಡಿಸುವುದನ್ನು ನೋಡಿ ಕಲಿತರು. ಹಾರ್ಮೋನಿಯಂ ಬಿಚ್ಚಿ ಕಲಿತರು; ಮತ್ತೆ ಜೋಡಿಸಿದ ಮೇಲೆ ಅದು ಬೇರೆಯೇ ರಾಗ ನುಡಿಯಿತು, ಆ ಮಾತು ಬೇರೆ. ಈಜನ್ನು ಸ್ಟೂಲಿನ ಮೇಲೆ ಬೋರಲು ಮಲಗಿ ಕಲಿತರು. ನೀರಿಗಿಳಿದ ದಿನ ನಾಲ್ಕು ಜನ ಎಳೆದು ದಡಕ್ಕೆ ಹಾಕಿದಾಗ, ‘ಸ್ಟೂಲ್ ಮೇಲೆ ಚೆನ್ನಾಗೇ ಬರ್ತಿತ್ತು’ ಎಂದರಂತೆ.

ಅಂಥವರಿಗೆ ಗಾಲ್ಫ್ ಹೇಗೆ ಗಂಟುಬಿತ್ತು? ಚಿಕ್ಕಮ್ಮನ ತವರಿನಿಂದ.

ಮಹಾಲಕ್ಷ್ಮಿ ಲೇಔಟಿನಲ್ಲಿ ಆ ಕಡೆಯವರ ಗೃಹಪ್ರವೇಶ. ಚಿಕ್ಕಪ್ಪ ರೇಷ್ಮೆ ಪಂಚೆ, ಶಲ್ಯದಲ್ಲಿ ಮದುಮಗನ ಹಾಗೆ ಬಂದಿದ್ದರು. ಕುರ್ಚಿಗೆ ಇನ್ನೂ ಬೆನ್ನು ತಾಗಿಸಿರಲಿಲ್ಲ, ‘ಅದೇನೋ ಮೋಟಾರ್ ನೀರು ಎತ್ತುತ್ತಿಲ್ಲ, ಒಂಚೂರು ನೋಡ್ತೀರಾ’ ಎಂದು ಕರೆ ಬಂತು. ಇದು ಹೊಸದಲ್ಲ. ಆ ಮನೆಯ ಯಾವ ಸಮಾರಂಭವಿರಲಿ, ಮಿಕ್ಸಿಯೋ ಫ್ಯಾನೋ ಸರಿಯಾಗಿ ಅವತ್ತೇ ಕೆಡುತ್ತದೆ. ಹೆಂಡತಿಯ ತವರಿನಲ್ಲಿ ಚಿಕ್ಕಪ್ಪ ಅಳಿಯನಾಗಿ ಊಟ ಮಾಡಿದ್ದು ಮದುವೆಯ ದಿನ ಮಾತ್ರ ಎಂದು ನನ್ನ ಗುಮಾನಿ. ಅವರು ಮೋಟಾರು ರಿಪೇರಿ ಮಾಡಿ, ಪಂಚೆಗೆ ಗ್ರೀಸು ಬಳಿದುಕೊಂಡು ಬರುವಷ್ಟರಲ್ಲಿ ಎರಡು ಪಂಕ್ತಿ ಮುಗಿದಿತ್ತು. ಅವರ ಕುರ್ಚಿಯಲ್ಲಿ ಅವರ ಷಡ್ಡಕರು, ಅಂದರೆ ಚಿಕ್ಕಮ್ಮನ ಅಕ್ಕನ ಗಂಡ, ಕಾಲಮೇಲೆ ಕಾಲು ಹಾಕಿ ತಮ್ಮ ಗಾಲ್ಫ್ ಪುರಾಣ ಹೇಳುತ್ತಿದ್ದರು. ದೊಡ್ಡ ಆಫೀಸರು; ನಗುವುದಕ್ಕೂ ಮೇಲಿನಿಂದ ಆರ್ಡರ್ ಬರಬೇಕೇನೋ ಎಂಬಂಥ ಮುಖ.

ಹಸಿದ ಹೊಟ್ಟೆಯ ಚಿಕ್ಕಪ್ಪ ನಡುವೆ ಬಾಯಿ ಹಾಕಿದರು. “ಓಡೋ ಚೆಂಡಲ್ಲ, ಹಾರೋ ಚೆಂಡಲ್ಲ. ಸುಮ್ನೆ ಕೂತಿರೋ ಚೆಂಡು. ಅದಕ್ಕೆ ಹೊಡಿಯೋಕೆ ಅಷ್ಟೆಲ್ಲ ಕಲೀಬೇಕಾ?”

“ಹಾಗಾದ್ರೆ ಬನ್ನಿ ಇಂಜಿನಿಯರ್ರೇ” ಎಂದರು ಷಡ್ಡಕರು. ಚಿಕ್ಕಪ್ಪ ಇಂಜಿನಿಯರಲ್ಲ, ಅದು ಅವರ ಚುಚ್ಚುಮಾತು. “ಕೆಂಗೇರಿ ಆಚೆ ಪ್ರಾಕ್ಟೀಸ್ ಮಾಡೋ ಜಾಗ ಇದೆ. ನೂರು ಗಜ ದೂರದಲ್ಲಿ ಒಂದು ಬೋರ್ಡು ನೆಟ್ಟಿದಾರೆ. ಮುಂದಿನ ವರ್ಷದೊಳಗೆ ಒಂದೇ ಒಂದು ಚೆಂಡು ಅದನ್ನ ದಾಟಿಸಿ ತೋರ್ಸಿ. ಹಾಂ, ಬರೋವಾಗ ಸ್ಪ್ಯಾನರ್ ಮರೀಬೇಡಿ.”

ಎಲ್ಲರೂ ನಕ್ಕರು. ನಾನು ನಕ್ಕಿದ್ದಷ್ಟೇ ಅಲ್ಲ, ಚಿಕ್ಕಪ್ಪ ಸ್ಪ್ಯಾನರ್ ಹಿಡಿದು ಗಾಲ್ಫ್ ಮೈದಾನದಲ್ಲಿ ನಡೆಯುವುದನ್ನು ಅಲ್ಲೇ ಎದ್ದು ಮಾಡಿಯೂ ತೋರಿಸಿದೆ. ಭಾರಿ ಚಪ್ಪಾಳೆ ಬಿತ್ತು. ಚಿಕ್ಕಮ್ಮ ಮಾತ್ರ ಎದ್ದು ಒಳಗೆ ಹೋದರು.

ವಾಪಸು ಬರುವಾಗ ಚಿಕ್ಕಪ್ಪನ ಸ್ಕೂಟರಿನ ಹಿಂದೆ ನಾನು. ರಾಜಾಜಿನಗರ ದಾಟಿದ ಮೇಲೆ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ, ಹಿಂದಕ್ಕೆ ತಿರುಗದೆ ಹೇಳಿದರು. “ಒಂದೇ ಒಂದ್ ಸಲ ಕಣೋ. ಆ ಮನೆಯೋರು ನನ್ನ ಕೈಲಿ ಸ್ಪ್ಯಾನರ್ ಇಲ್ದೇ ನೋಡ್ಬೇಕು.”

ಆಮೇಲೆ ಈ ಗಾಲ್ಫಿನ ಸಹವಾಸ ಬೇಡ ಎಂದು ನಾನು ಹೇಗೆ ಹೇಳಲಿ?

ದಾಂಡು ಹಳೇ ಸಾಮಾನಿನ ಬಜಾರಿನಲ್ಲಿ ಸಿಕ್ಕಿತು. ಹಿಡಿ ಹರಿದಿತ್ತು, ಚಿಕ್ಕಪ್ಪ ಸ್ಕೂಟರಿನ ಹ್ಯಾಂಡಲ್ ರಬ್ಬರನ್ನೇ ತೊಡಿಸಿದರು. ಇನ್ನು ವಿದ್ಯೆ? ಕೋಚ್ ಬಳಿ ಹೋಗುವುದು ಅವರ ಜಾತಕದಲ್ಲೇ ಇಲ್ಲ. ಸೈಬರ್ ಸೆಂಟರಿನಲ್ಲಿ ಒಂದು ವಿಡಿಯೊ ತೆರೆದುಕೊಳ್ಳುವಷ್ಟರಲ್ಲಿ ಒಂದು ಗಂಟೆ ಮುಗಿಯುತ್ತಿತ್ತು. ಗಾಲ್ಫ್ ತೋರಿಸುವ ಚಾನೆಲ್ಲು ಬರುತ್ತಿದ್ದುದು ನಮ್ಮ ಮನೆಯ ಟೀವಿಯಲ್ಲಿ, ಅದೂ ಶನಿವಾರ ಮಧ್ಯಾಹ್ನ, ಚಿಕ್ಕಪ್ಪ ಲೇತಿನ ಮುಂದೆ ನಿಂತಿರುವ ಹೊತ್ತಿಗೆ. ಹಾಗಾಗಿ ಒಪ್ಪಂದವಾಯಿತು: ಶನಿವಾರ ನಾನು ನೋಡುವುದು, ಭಾನುವಾರ ಬೆಳಿಗ್ಗೆ ಅವರ ಮನೆಯ ತಾರಸಿಯಲ್ಲಿ ಹಾಗೆಯೇ ಮಾಡಿ ತೋರಿಸುವುದು.

ಮೊದಲ ಭಾನುವಾರ ನಿಯತ್ತಾಗಿಯೇ ಮಾಡಿದೆ. ಚಿಕ್ಕಪ್ಪ ಗಂಭೀರವಾಗಿ ತಲೆಯಾಡಿಸಿದರು. ಯಾರೂ ನಗಲಿಲ್ಲ. ಮಿಮಿಕ್ರಿ ಮಾಡುವವನ ಎದುರು ಯಾರೂ ನಗದಿದ್ದರೆ ಅವನಿಗೆ ಎಷ್ಟು ಸಂಕಟವಾಗುತ್ತದೆ ಎಂಬುದು ನಿಮಗೇನು ಗೊತ್ತು! ಎರಡನೆಯ ಭಾನುವಾರ ತಡೆಯಲಾಗಲಿಲ್ಲ. ದಾಂಡು ಮೇಲಿರುವಾಗ ಒಂದು ಎಗರು ಎಗರಿ, ನಾಲಿಗೆ ಹೊರಹಾಕಿದೆ. ಪಕ್ಕದ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಆಂಟಿ ಕಿಸಕ್ಕೆಂದರು. ಅಷ್ಟು ಸಾಕಾಯಿತು ನನಗೆ.

ಮೂರನೆಯ ಭಾನುವಾರ ಹೋಗಿ ನೋಡಿದರೆ ಚಿಕ್ಕಪ್ಪ ತಾರಸಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಪಾದ ಬರೆದು, ದಾಂಡು ತಿರುಗಬೇಕಾದ ಕೋನಗಳನ್ನೆಲ್ಲ ಅಳೆದು ಗೀಟು ಹಾಕಿದ್ದರು, ಥೇಟ್ ಮೆಷಿನ್ ಡ್ರಾಯಿಂಗು. ಬಲಪಾದದ ಪಕ್ಕ ಒಂದು ಬಾಣ. ಬಾಣದ ಮುಂದೆ ದುಂಡಗೆ ಬರೆದಿದ್ದರು: ‘ಇಲ್ಲಿ ಎಗರು’.

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಅವರ ಎಗರು ನನ್ನದಕ್ಕಿಂತ ಚೆನ್ನಾಗಿತ್ತು ಎಂಬ ಹೊಟ್ಟೆಕಿಚ್ಚೂ ಇತ್ತೇನೋ.

ಚೆಂಡಿಡಲು ತಾರಸಿಯಲ್ಲಿ ಹುಲ್ಲೆಲ್ಲಿ? ತೆಂಗಿನ ನಾರಿನ ಕಾಲೊರೆಸೇ ಹುಲ್ಲುಗಾವಲು. ಎದುರಿಗೆ, ಬಟ್ಟೆ ಒಣಹಾಕುವ ತಂತಿಗೆ ತೂಗುಹಾಕಿದ ಹಳೇ ಜಮಖಾನವೇ ಬಲೆ. ಒಂದು ದಿನ ಚಿಕ್ಕಪ್ಪ ಎಗರಿ ಬೀಸಿದ ರಭಸಕ್ಕೆ ಏನೋ ಒಂದು ಜಮಖಾನದ ಮೇಲಿಂದ ಹಾರಿ ಬೀದಿಗೆ ಬಿತ್ತು. ಚಿಕ್ಕಪ್ಪ ಕೈಯನ್ನು ಹಣೆಗೆ ಅಡ್ಡ ಹಿಡಿದು, “ನೂರು ಗಜ ಆಯ್ತೇನೋ?” ಎಂದರು. ಕೆಳಗಿನಿಂದ ಸೊಪ್ಪಿನ ಗಾಡಿಯವರು ಕೂಗಿದರು: “ಸಾರ್, ನಿಮ್ಮ ಕಾಲೊರೆಸು ಬಂದಿದೆ. ಚೆಂಡು ಅಲ್ಲೇ ಇರ್ಬೇಕು ನೋಡಿ.”

ಚಿಕ್ಕಮ್ಮ ಮೆಟ್ಟಿಲಲ್ಲಿ ನಿಂತು ಹೇಳಿದರು. “ಕೆಳಗೆ ಬಿದ್ದ ಪೇಪರ್ ಎತ್ತೋಕೆ ಸೊಂಟ ಬಗ್ಗಲ್ಲ ಇವ್ರಿಗೆ. ಇಲ್ಲಿ ನೋಡು, ಬೆಳಗಿಂದ ಬಗ್ಗೇ ನಿಂತಿದಾರೆ.”

ಏಳೆಂಟು ತಿಂಗಳಾದರೂ ಚೆಂಡು ನೆಟ್ಟಗೆ ಹೋಗಲೊಲ್ಲದು. ಚಿಕ್ಕಪ್ಪ ಕೆಟ್ಟ ಯಂತ್ರ ಪರೀಕ್ಷಿಸುವಂತೆ ತಮ್ಮ ಮೈಯನ್ನೇ ಬಿಡಿಬಿಡಿಯಾಗಿ ಪರೀಕ್ಷಿಸಿದರು. ಹಿಡಿತ ಬದಲಿಸಿದರು. ಮೊಣಕೈ ಆಚೆ ಹೋಗದಂತೆ ಟವೆಲಿನಿಂದ ಪಕ್ಕೆಗೆ ಬಿಗಿದರು. ತಲೆ ಅಲುಗುತ್ತದೇನೋ ಎಂದು ಟೋಪಿಯ ಅಂಚಿಗೆ ಗಾರೆಯವರ ತೂಕದ ಗುಂಡನ್ನು ಇಳಿಬಿಟ್ಟರು. ಅದು ಮೂಗಿಗೆ ಬಡಿಯಿತು. ಎಲ್ಲವನ್ನೂ ತಿದ್ದಿದರು, ಎಗರೊಂದನ್ನು ಬಿಟ್ಟು. ಅದು ಟೀವಿಯಿಂದ ಬಂದದ್ದಲ್ಲವೇ!

ಸವಾಲಿನ ಗಡುವು ಹತ್ತಿರ ಬಂತು, ಮೈದಾನಕ್ಕೆ ಹೋಗುವ ಭಾನುವಾರವೂ ಗೊತ್ತಾಯಿತು. ಮೆಲ್ಲಗೆ ಹೇಳಿದೆ, “ಚಿಕ್ಕಪ್ಪ, ಈಚೆಗೆ ಅವ್ರೆಲ್ಲ ಎಗರೋದು ಬಿಟ್ಟಿದಾರೆ.”

“ಬಿಡೋಕೆ ಅದೇನ್ ಬೆಲ್‌ಬಾಟಮ್ ಪ್ಯಾಂಟೇನೋ?”

ಆದರೂ ನನ್ನ ಮಾತಿಗೆ ಬೆಲೆ ಕೊಟ್ಟು ಪ್ರಯತ್ನಿಸಿದರು. ಬಲಗಾಲನ್ನು ಗ್ಯಾಸ್ ಸಿಲಿಂಡರಿಗೆ ಕಟ್ಟಿಕೊಂಡರು. ಎಗರು ಎಡಗಾಲಿಗೆ ಹೋಯಿತು. ಎಡಗಾಲನ್ನು ಮರಳಿನ ಬಕೆಟ್ಟಿನಲ್ಲಿಟ್ಟರು. ಎಗರು ಭುಜಕ್ಕೆ ಹತ್ತಿತು. ಬೆಂಗಳೂರಿನ ಬಾಡಿಗೆದಾರನಂತೆ ಅದು ಮನೆ ಬದಲಾಯಿಸಿತೇ ಹೊರತು ಊರು ಬಿಡಲಿಲ್ಲ. ಮೂರು ವಾರದ ಸಾಹಸದ ಮೇಲೆ, ಅಂತೂ ಚಿಕ್ಕಪ್ಪ ಕಂಬದಂತೆ ನಿಂತು ದಾಂಡು ಬೀಸುವುದನ್ನು ಕಲಿತರು.

ಆ ಭಾನುವಾರ ಕೆಂಗೇರಿಯಾಚೆಯ ಮೈದಾನಕ್ಕೆ ಚಿಕ್ಕಮ್ಮನ ತವರೇ ಇಳಿದುಬಂದಿತ್ತು. ಷಡ್ಡಕರ ಹೊಸ ಕಾರಿನ ಡಿಕ್ಕಿಯಲ್ಲಿ ಚಿಕ್ಕಮ್ಮ ಮಾಡಿದ ಚಿತ್ರಾನ್ನದ ಡಬರಿ. ಚಿಕ್ಕಪ್ಪ ಕ್ಯಾನ್ವಾಸ್ ಶೂಗಳಿಗೆ ಬಿಳಿ ಬಳಿದು, ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು. ಉಗುರಿನ ಸಂದಿಯ ಗ್ರೀಸನ್ನೂ ಬ್ರಷ್ಷಿನಲ್ಲಿ ಉಜ್ಜಿ ತೆಗೆದಿದ್ದರು. ಒಂದು ಬುಟ್ಟಿ ಚೆಂಡು ಮುಂದೆ ಬಂತು.

ಮೊದಲ ಚೆಂಡು. ಕಂಬದಂತೆ ನಿಂತು ಬೀಸಿದರು. ಚೆಂಡು ಕೂತಲ್ಲೇ ಕೂತಿತ್ತು. ಎರಡನೆಯದೂ ಹಾಗೆಯೇ. ಮೂರನೆಯದು ಪಕ್ಕಕ್ಕೆ ಉರುಳಿ ಷಡ್ಡಕರ ಶೂ ಬಳಿ ಹೋಗಿ ನಿಂತಿತು.

“ಸ್ಪ್ಯಾನರ್ ತಂದಿದ್ರೆ ಅದ್ರಲ್ಲೇ ಹೊಡೀಬಹುದಿತ್ತು” ಎಂದರು ಅವರು. ಎಲ್ಲರೂ ನಕ್ಕರು. ಚಿಕ್ಕಪ್ಪನ ಕಿವಿ ಕೆಂಪಾಯಿತು. ಚಿಕ್ಕಮ್ಮ ದೂರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುಖ ಆ ಕಡೆ ಮಾಡಿ ಕೂತಿದ್ದರು. ಹುಟ್ಟಿದಾಗಿನಿಂದ ಮೊದಲ ಬಾರಿಗೆ ನನಗೆ ಒಂದು ನಗೆಯಲ್ಲಿ ಪಾಲು ಬೇಡವೆನಿಸಿತು. ಚೆಂಡು ಎತ್ತಿಕೊಡುವ ನೆಪದಲ್ಲಿ ಹತ್ತಿರ ಹೋಗಿ ಉಸುರಿದೆ. “ಚಿಕ್ಕಪ್ಪ, ಆ ಎಗರು ಟೀವಿಯದಲ್ಲ. ನಾನೇ ಸೇರಿಸಿದ್ದು. ನಗಿಸೋಕೆ.”

ಅವರು ನನ್ನನ್ನೇ ನೋಡಿದರು. “ಯಾರು ನಕ್ರು?”

“ಪಕ್ಕದ ಮನೆ ಆಂಟಿ.”

“ಒಬ್ರೇನಾ?”

“ಒಬ್ರೇ.”

“ಥೂ, ಒಬ್ರಿಗೋಸ್ಕರ” ಎಂದು ದಾಂಡನ್ನು ಸರಿಯಾಗಿ ಹಿಡಿದುಕೊಂಡರು. “ಈಗ ನಂಗೆ ಹೇಳಿ ಏನ್ ಬಂತೋ? ಕಾಲಿಗೆ ಹೇಳು. ಅದು ನಂಬ್ಕೊಂಡ್ಬಿಟ್ಟಿದೆ.”

ನಾಲ್ಕನೆಯ ಚೆಂಡಿಗೆ ಎಗರಿದರು. ನಾಲಿಗೆಯೂ ಹೊರಬಂತು. ಟಕ್ಕೆಂದು, ಬೀಗಕ್ಕೆ ಅದರದೇ ಕೀಲಿ ಕೂತಂಥ ಒಂದು ಸದ್ದು. ಚೆಂಡು ನೆಟ್ಟಗೆ ಎದ್ದು, ಬೆಳಗಿನ ಬಿಸಿಲಿನಲ್ಲಿ ಒಂದು ಚುಕ್ಕೆಯಾಗಿ, ಬೋರ್ಡಿನತ್ತ ಹೋಗಿ ಬಿತ್ತು.

ಮುಚ್ಚುಮರೆ ಬೇಡ: ಬೋರ್ಡಿನತ್ತ ಎಂದೆ, ಬೋರ್ಡಿನಾಚೆ ಎನ್ನಲಿಲ್ಲ. ಅದು ಇಪ್ಪತ್ತು ಗಜ ಈಚೆಗೇ ಬಿತ್ತು. ಮುಂದಿನದು ಹದಿನೈದು. ಆದರೆ ಚಿಕ್ಕಪ್ಪ ಯಾರನ್ನೂ ನೋಡುತ್ತಿರಲಿಲ್ಲ. ಎಗರುವುದು, ಹೊಡೆಯುವುದು, ಚೆಂಡು ಬೀಳುವವರೆಗೆ ಬಾಯಿ ತೆರೆದು ನಿಲ್ಲುವುದು, ತಾವೇ ನಗುವುದು. ಅಷ್ಟು ವರ್ಷ ಅವರನ್ನು ಅನುಕರಿಸಿದ ನನ್ನ ಬಳಿ ಆ ನಗು ಇರಲಿಲ್ಲ. ನಾನದನ್ನು ಅದುವರೆಗೆ ಕಂಡೇ ಇರಲಿಲ್ಲ.

ಇನ್ನೂ ಅರ್ಧ ಬುಟ್ಟಿ ಚೆಂಡು ಉಳಿದಿದ್ದಾಗ ಷಡ್ಡಕರು ಕಾರಿನ ಕೀಲಿ ಆಡಿಸುತ್ತ ಬಂದರು. “ಸಾಕು ಬನ್ನಿ ಇಂಜಿನಿಯರ್ರೇ. ಡಿಕ್ಕಿ ಲಾಕ್ ಸಿಕ್ಕಾಕ್ಕೊಂಡಿದೆ, ತೆಗೆಯೋಕಾಗ್ತಿಲ್ಲ. ಎಲ್ರಿಗೂ ಹಸಿವಾಗ್ತಿದೆ. ಒಂಚೂರು ನೋಡಿ.”

ಚಿಕ್ಕಪ್ಪನ ನಗು ನಿಂತಿತು. ದಾಂಡನ್ನು ನೆಲದ ಮೇಲೆ ಮಲಗಿಸಿದರು. ಇಸ್ತ್ರಿ ಮಾಡಿದ ತೋಳನ್ನು ಮಡಚುತ್ತ, ಅಭ್ಯಾಸಬಲದಿಂದ ಕೀಲಿಗೆ ಕೈ ಚಾಚಿದರು.

ಚಿಕ್ಕಮ್ಮ ಕುರ್ಚಿಯಿಂದ ಯಾವಾಗ ಎದ್ದರೋ ನಾನು ನೋಡಲಿಲ್ಲ. ಬಂದವರೇ ಬಗ್ಗಿ ದಾಂಡನ್ನೆತ್ತಿ, ಸೆರಗಿನಲ್ಲಿ ಒಮ್ಮೆ ಒರೆಸಿ, ಆ ಚಾಚಿದ ಕೈಗೆ ಅದನ್ನೇ ಕೊಟ್ಟರು. ಬುಟ್ಟಿಯಿಂದ ಒಂದು ಚೆಂಡು ತೆಗೆದು ಅವರ ಕಾಲಬಳಿ ಇಟ್ಟರು. ಆಮೇಲೆ ಷಡ್ಡಕರ ಕಡೆ ತಿರುಗಿ, ಮರ್ಯಾದೆಯಿಂದಲೇ ಹೇಳಿದರು.

“ಅವ್ರು ಆಡ್ತಾ ಇದಾರೆ, ಭಾವ. ಚಿತ್ರಾನ್ನ ಕಾಯತ್ತೆ.”