ಶಾಪದಿಂದ ಸೋರುವ ಛಾವಣಿಗಳು

ಪೋರ್ಟ್ ಹ್ಯಾಲರನ್ ಪುರಸಭೆಯ ವ್ಯಾಪ್ತಿಯಲ್ಲಿ ಶಾಪದಿಂದ ಸೋರುವ ಛಾವಣಿಗಳ ಸಂಖ್ಯೆ ಇನ್ನೂರ ಹದಿನಾಲ್ಕು ಎಂದೂ, ಮಳೆಯಿಂದ ಸೋರುವ ಛಾವಣಿ ಒಂದೂ ಇಲ್ಲವೆಂದೂ ಕಳೆದ ಜೂನ್ ತಿಂಗಳಲ್ಲಿ ಸಾರ್ವಜನಿಕರ ಗಮನಕ್ಕೆ ತರಲಾಯಿತು. ಆ ಪ್ರಕಟಣೆ ಬರೆದವನು ನಾನೇ. ಹೆಸರು ಡೆಸ್ಮಂಡ್, ಊರವರ ಬಾಯಲ್ಲಿ ಡೆಸ್. ಪುರಸಭೆಯ ದೂರು ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ. ದೂರು ಬಂದರೆ ಹತ್ತು ಕೆಲಸದ ದಿನಗಳೊಳಗೆ ಉತ್ತರ ಕೊಡಬೇಕು ಅನ್ನುವುದು ನಿಯಮ. ರಿಪೇರಿ ಮಾಡಿಸಬೇಕು ಅಂತ ಯಾವ ನಿಯಮದಲ್ಲೂ ಇಲ್ಲ. ಇಷ್ಟು ಸಣ್ಣ ವಿಷಯವನ್ನು ಜನರಿಗೆ ಅರ್ಥ ಮಾಡಿಸುವಷ್ಟರಲ್ಲಿ ನನ್ನ ತಲೆಗೂದಲು ಪೂರ್ತಿ ಉದುರಿತು.

ಇದಕ್ಕೆಲ್ಲ ಮೂಲ ಮಾರ್ಚ್ ತಿಂಗಳ ಒಂದು ಆಡಳಿತ ಸುಧಾರಣೆ. ಜನರ ಅಭಿಪ್ರಾಯ ಎಲ್ಲಿಂದ ಬಂದರೂ ಒಂದೇ ಮೇಜಿಗೆ ಬರಲಿ ಎಂದು ಸಭೆ ತೀರ್ಮಾನಿಸಿ, ಗ್ರಂಥಾಲಯದಲ್ಲಿ ಓದುಗರು ಚೀಟಿ ಹಾಕುವ ಡಬ್ಬಿಯನ್ನು ನನ್ನ ತಲೆಗೆ ಕಟ್ಟಿತು. ಅಂದಿನಿಂದ ಯಾರಿಗೆ ಯಾವ ಪುಸ್ತಕ ಏನನ್ನಿಸಿದರೂ ಅದು ದೂರು ಎಂದು ದಾಖಲಾಗತೊಡಗಿತು. ಮೊದಮೊದಲು ತೊಂದರೆಯಿರಲಿಲ್ಲ. ಗುಲಾಬಿ ಬೆಳೆಸುವ ಪುಸ್ತಕದಲ್ಲಿ ನಲವತ್ತನೇ ಪುಟ ಹರಿದಿದೆ ಎಂದು ಒಬ್ಬರು ಬರೆದರು. ತಮ್ಮ ಪುಟವನ್ನು ರಸ್ತೆ ವಿಭಾಗಕ್ಕೆ ಕಳಿಸಲಾಗಿದೆ ಎಂದು ನಾನು ಉತ್ತರ ಕೊಟ್ಟೆ. ಇಬ್ಬರಿಗೂ ಸಮಾಧಾನವಾಯಿತು.

ಮೇ ತಿಂಗಳಲ್ಲಿ ಗ್ರಂಥಪಾಲಕಿ ಗ್ಲೆನಿಸ್ ‘ತೊಟ್ಟಿಕ್ಕುವ ಪುಸ್ತಕ’ ಎಂಬ ದೆವ್ವದ ಕಾದಂಬರಿಯ ಹನ್ನೆರಡು ಪ್ರತಿ ತರಿಸಿದಳು. ಆರುನೂರು ಪುಟ. ಬರೆದವನು ನಮ್ಮ ಟಾಸ್ಮೇನಿಯಾ ದ್ವೀಪದವನಲ್ಲ, ಸಮುದ್ರದ ಆಚೆಯ ಮೇನ್‌ಲ್ಯಾಂಡಿನವನು. ಕಥೆಯಲ್ಲಿ ಒಂದು ದೀಪಸ್ತಂಭ, ಅದರೊಳಗೆ ಶಾಪಗ್ರಸ್ತವಾದ ಒಂದು ಹಳೇ ಪುಸ್ತಕ. ಅದನ್ನು ಓದಲು ಶುರುಮಾಡಿ ಅರ್ಧಕ್ಕೆ ಮುಚ್ಚಿಟ್ಟವರ ಮನೆಯಲ್ಲಿ ಎಲ್ಲಿಂದಲೋ ನೀರು ತೊಟ್ಟಿಕ್ಕುತ್ತದೆ, ಏರುತ್ತದೆ, ಕೊನೆಗೆ ಹಾಸಿಗೆಯಲ್ಲೇ ಅವರನ್ನು ಮುಳುಗಿಸುತ್ತದೆ. ಪೂರ್ತಿ ಓದಿದವನಿಗೆ ಮಾತ್ರ ಬಿಡುಗಡೆ.

ನಮ್ಮೂರಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ಚಳಿಗಾಲ, ಆಗ ಮಳೆ ನಿಲ್ಲುವುದು ಉಸಿರು ತೆಗೆದುಕೊಳ್ಳುವುದಕ್ಕೆ ಮಾತ್ರ. ಪುರಸಭೆ ಕಟ್ಟಿಸಿ ಬಾಡಿಗೆಗೆ ಕೊಟ್ಟ ಮನೆಗಳಲ್ಲಿ ಸೋರದ ಮನೆ ಇದ್ದರೆ ಅದು ಪುರಸಭೆಯ ಮನೆಯಲ್ಲ. ಹೀಗಿರುವಾಗ ಓದುಗರ ಪ್ರತಿಕ್ರಿಯೆ ಹೇಗಿರಬೇಕೋ ಹಾಗೇ ಇತ್ತು.

ಸಮುದ್ರಕ್ಕೆ ಧುಮುಕಿ ಚಿಪ್ಪು ತೆಗೆಯುವ ಕ್ಲಾರಿ ಬರೆದ: “ಶಾರ್ಕಿಗೆ ಹೆದರಿದವನಲ್ಲ ನಾನು. ತೊಂಬತ್ತನೇ ಪುಟಕ್ಕೆ ನಿಲ್ಲಿಸಿದೆ. ಈಗ ಅಡಿಗೆಮನೇಲಿ ಟಪ್ ಟಪ್ ಅಂತಿದೆ. ಪುಸ್ತಕಾನ ಫ್ರೀಜರಿನಲ್ಲಿ ಮೀನಿನ ಕೆಳಗೆ ಹಾಕಿದೀನಿ. ದಯವಿಟ್ಟು ಯಾರಾದ್ರೂ ಬಂದು ತಗೊಂಡು ಹೋಗಿ.” ಬೆರಿಲ್ ಎಂಬಾಕೆಯ ಪುಸ್ತಕಕೂಟ ಹನ್ನೊಂದು ವರ್ಷದಿಂದ ತಿಂಗಳಿಗೊಮ್ಮೆ ಸೇರಿ ಕೇಕು ತಿಂದು ಏಳುತ್ತಿತ್ತೇ ಹೊರತು ಒಂದು ಪುಸ್ತಕವನ್ನೂ ಮುಗಿಸಿದ್ದಿಲ್ಲ. ಅವರು ಬರೆದರು: “ಆರೂ ಜನ ಸರದಿ ಮೇಲೆ ಗಟ್ಟಿಯಾಗಿ ಓದಿ ಎರಡೇ ದಿನದಲ್ಲಿ ಮುಗಿಸಿದೆವು. ಟಾಯ್ಲೆಟ್ಟಿಗೂ ಯಾರೂ ಒಬ್ಬರೇ ಹೋಗಲಿಲ್ಲ. ಐದು ಸ್ಟಾರ್. ಇನ್ನು ಮೇಲೆ ಪುಸ್ತಕ ಓದುವುದಿಲ್ಲ.” ಒಬ್ಬ ನಿವೃತ್ತ ಮೇಷ್ಟ್ರ ಚೀಟಿ ಇನ್ನೂ ಚಿಕ್ಕದು: “ಓದಿಲ್ಲ. ರಟ್ಟು ನೋಡಿದೆ, ಅಷ್ಟೇ. ಬಚ್ಚಲುಮನೆ ಸೋರುತ್ತಿದೆ.”

ಅರವತ್ತಮೂರು ಚೀಟಿ ಬಂದಿದ್ದಾಗ, ಬೆಳಗಿನ ಟೀ ಹೊತ್ತಿಗೆ, ಕಟ್ಟಡ ವಿಭಾಗದ ಮುಖ್ಯಸ್ಥ ಗ್ಲಾಡ್ವಿನ್ ಮಾಂಸದ ಪೈ ಕಚ್ಚುತ್ತಾ ನನ್ನ ಮೇಜಿನ ಹತ್ತಿರ ಬಂದರು.

“ಏನ್ ಮಾರಾಯ ಡೆಸ್, ಇಷ್ಟೊಂದು ಕಾಗದ?”

“ಪುಸ್ತಕ ಓದಿ ಹೆದರಿಕೊಂಡವರದ್ದು. ಎಲ್ಲರ ಮನೇಲೂ ನೀರು ತೊಟ್ಟಿಕ್ತಿದೆಯಂತೆ.”

“ಯಾಕಂತೆ?”

“ಶಾಪವಂತೆ.”

ಪೈ ಬಾಯಿಯ ಹತ್ತಿರ ಹೋಗಿ ನಿಂತುಬಿಟ್ಟಿತು. “ಬರವಣಿಗೇಲಿ ಕೊಟ್ಟಿದಾರಾ?”

“ಸಹಿ ಸಮೇತ.”

“ಅಂದ್ರೆ... ಸೋರ್ತಿರೋದಕ್ಕೆ ನಮ್ಮ ಛಾವಣಿ ಕಾರಣ ಅಲ್ಲ ಅಂತ ಜನಾನೇ ಹೇಳ್ತಿದಾರೆ!” ಗ್ಲಾಡ್ವಿನ್ ಅವರ ಕಣ್ಣಲ್ಲಿ ನೀರು ಬಂತು. “ಹನ್ನೊಂದು ವರ್ಷದಿಂದ ಈ ಛಾವಣಿ ದೂರುಗಳು ನನ್ನ ಪ್ರಾಣ ತಿಂದಿದಾವೆ ಕಣೋ. ನಿನ್ನ ಹೊಟ್ಟೆ ತಣ್ಣಗಿರ್ಲಿ!”

ಆ ವಾರವೇ ‘ಶಾಪಜನ್ಯ ತೇವ ನಿರ್ವಹಣಾ ಉಪನಿಯಮ’ ಅಂಗೀಕಾರವಾಯಿತು. ಪುಸ್ತಕವನ್ನು ಅರ್ಧ ಓದಿದವರ ಮನೆ ಸೋರಿದರೆ ಅದು ಓದುಗನಿಗೂ ಪುಸ್ತಕಕ್ಕೂ ಸಂಬಂಧಿಸಿದ ಖಾಸಗಿ ವಿಚಾರ, ಪುರಸಭೆ ತಲೆಹಾಕತಕ್ಕದ್ದಲ್ಲ. ಪೂರ್ತಿ ಓದಿದವರ ಛಾವಣಿ ಸೋರುವುದನ್ನು ನಿಲ್ಲಿಸಿದೆ ಎಂದು ಭಾವಿಸತಕ್ಕದ್ದು. ಇನ್ನೂ ಓದದೆ ಇರುವ ದೂರುದಾರರಿಗೆ ಪುಸ್ತಕದ ಪ್ರತಿ ಒದಗಿಸತಕ್ಕದ್ದು. ಪುಸ್ತಕ ಬಂದದ್ದೇ ಮೊನ್ನೆ, ಮನೆಗಳು ಸೋರುತ್ತಿರುವುದು ಹನ್ನೊಂದು ವರ್ಷದಿಂದ, ಇದು ಹೇಗೆ ಎಂದು ಒಬ್ಬ ಸದಸ್ಯರು ಕೇಳಿದರು. ಶಾಪಕ್ಕೆ ಕ್ಯಾಲೆಂಡರ್ ಗೊತ್ತಿರುವುದಿಲ್ಲ ಎಂದು ಗ್ಲಾಡ್ವಿನ್ ಉತ್ತರಿಸಿದರು. ಸದಸ್ಯರು ಕ್ಷಮೆ ಕೇಳಿ ಕೂತರು. ರಾಜಧಾನಿ ಹೋಬಾರ್ಟಿನಿಂದ ‘ಶಾಪ’ ಎಂಬ ಮೊಹರು ಬಂತು, ನಾನು ಎರಡು ದಿನ ಕೂತು ಇನ್ನೂರ ಹದಿನಾಲ್ಕು ಹಳೆಯ ಕಡತಗಳ ಮೇಲೆ ಒತ್ತಿ ಮುಗಿಸಿದೆ. ಛಾವಣಿಗೆಂದು ಇಟ್ಟಿದ್ದ ಹಣ ಬಳಕೆಯಾಗದೆ ಉಳಿಯಬಾರದಲ್ಲ, ಗ್ಲಾಡ್ವಿನ್ ಅವರ ಕೊಠಡಿಗೆ ಹೊಸ ಕಾರ್ಪೆಟ್ಟೂ ಕಾಫಿ ಯಂತ್ರವೂ ಬಂದವು.

ಎಲ್ಲ ಸುಸೂತ್ರವಾಗಿ ನಡೆದಿತ್ತು, ಐವಿ ಪ್ಯಾಸ್ಕೋ ಬರುವವರೆಗೆ. ಎಪ್ಪತ್ತೊಂಬತ್ತು ವರ್ಷ. ಒಂದು ಕಾಲದಲ್ಲಿ ಬಂದರಿನ ಶೆಡ್ಡಿನಲ್ಲಿ ಮೀನು ಕುಯ್ಯುತ್ತಿದ್ದವರು, ಈಗ ಪುರಸಭೆಯ ವೃದ್ಧರ ವಸತಿಯಲ್ಲಿ ನಾಲ್ಕನೇ ನಂಬರಿನ ಮನೆ. ಅವರ ಛಾವಣಿ ಸೋರುತ್ತಿದ್ದುದು ಸರಿಯಾಗಿ ಹಾಸಿಗೆಯ ಮೇಲೆ, ಮತ್ತು ಆ ಕೋಣೆಯಲ್ಲಿ ಮಂಚ ಹಿಡಿಸುವ ಜಾಗ ಇರುವುದು ಅದೊಂದೇ. ಮೂರು ಚಳಿಗಾಲ ಹೀಗೇ ಕಳೆದು ಎದೆಯಲ್ಲಿ ಕೆಮ್ಮು ಕೂತಿತ್ತು. ಒಣ ಹಾಸಿಗೆ ಸಿಗದಿದ್ದರೆ ಈ ಚಳಿಗಾಲ ದಾಟುವುದು ಕಷ್ಟ ಅಂತ ಡಾಕ್ಟರು ಬರೆದುಕೊಟ್ಟಿದ್ದರು. ಅದರ ಮೇಲೂ ನಾನು ಮೊಹರು ಒತ್ತಿದ್ದೆ.

“ಡೆಸ್, ಏನೋ ಇದು? ನನ್ನ ಕಾಗದದ ಮೇಲೆ ಶಾಪ ಅಂತ ಹೊಡೆದಿದೀಯ! ನನಗ್ಯಾರೋ ಶಾಪ ಹಾಕ್ತಾರೆ, ನಾನ್ಯಾರಿಗೇನು ಮಾಡಿದೀನಿ?”

“ನೀವು ಪುಸ್ತಕ ಓದಿದೀರಾ, ಮಿಸೆಸ್ ಪ್ಯಾಸ್ಕೋ?”

“ಯಾವ ಪುಸ್ತಕ?”

“ಹಾಗಾದ್ರೆ ನಿಮ್ಮ ಕೇಸು ಅಪೂರ್ಣ. ತಗೊಳ್ಳಿ, ಓದಿ ಬನ್ನಿ.” ಒಂದು ಪ್ರತಿ ಕೈಗಿಟ್ಟೆ.

ಅವರು ಅದನ್ನು ತೂಗಿ ನೋಡಿದರು. “ಛಾವಣಿಗೆ ತಗಡು ಕೇಳಿದ್ರೆ ಕಥೆಪುಸ್ತಕ ಕೊಡ್ತೀಯಲ್ಲೋ, ಥೂ! ನಿಮ್ಮಮ್ಮ ನನ್ನ ಪಕ್ಕದಲ್ಲೇ ನಿಂತು ಮೀನು ಕುಯ್ತಿದ್ಲು. ಅವಳಿರಬೇಕಾಗಿತ್ತು, ನಿನ್ನ ಕಿವಿ ಹಿಂಡಿ ಕೈಗೆ ಕೊಡ್ತಿದ್ಲು.”

ನನಗೆ ನಾಚಿಕೆಯಾಯಿತು. ನಾಚಿಕೆಗೆ ಯಾವ ನಮೂನೆಯೂ ಇಲ್ಲದ ಕಾರಣ ಮುಂದಿನವರನ್ನು ಕರೆದೆ.

ಐವಿ ಹತ್ತೊಂಬತ್ತು ದಿನ, ಹಾಸಿಗೆಯ ಮೇಲೆ ಕೊಡೆ ಬಿಚ್ಚಿಕೊಂಡು, ಭೂತಕನ್ನಡಿ ಹಿಡಿದು ಓದಿ ಮುಗಿಸಿದರು. ಅವರ ಚೀಟಿ ಇದು: “ಹೆದರಿಕೆ ಆಗಲಿಲ್ಲ, ನಗು ಬಂತು. ಬರೆದವನು ಮೇನ್‌ಲ್ಯಾಂಡಿನವನು ಅಂತ ಮೂರನೇ ಪುಟಕ್ಕೇ ಗೊತ್ತಾಗುತ್ತೆ. ನೀರು ಟಪ್ ಅಂದ ಕೂಡಲೇ ಎಲ್ಲರೂ ಕಿರುಚ್ತಾರೆ. ಕಿರುಚಿ ಏನು ಮಾಡ್ತೀರಿ? ಬಕೆಟ್ ಇಡಿ. ಅದರೊಳಗೆ ಹಳೇ ಟವೆಲ್ ಹಾಕಿ, ಸದ್ದು ಬರಲ್ಲ. ಆರುನೂರು ಪುಟದಲ್ಲಿ ಒಬ್ಬರಿಗೂ ಇದು ಹೊಳೀಲಿಲ್ಲ. ಒಂದು ಸ್ಟಾರ್. ನನ್ನ ಛಾವಣಿ ಇನ್ನೂ ಸೋರ್ತಿದೆ.”

ಪೂರ್ತಿ ಓದಿದ್ದರಿಂದ ಅವರ ಛಾವಣಿ ನಿಯಮದ ಪ್ರಕಾರ ಸೋರುವುದನ್ನು ನಿಲ್ಲಿಸಿತ್ತು. ಶಾಪಮುಕ್ತಿ ಪ್ರಮಾಣಪತ್ರವನ್ನು ಖುದ್ದಾಗಿ ತಲುಪಿಸಿ ಬಾ ಎಂದು ಗ್ಲಾಡ್ವಿನ್ ನನ್ನನ್ನು ಕಳಿಸಿದರು. ನಾನು ಐವಿಯವರ ಹಾಸಿಗೆಯ ಪಕ್ಕ ನಿಂತು ಪತ್ರ ಬಿಚ್ಚಿ ಓದತೊಡಗಿದೆ. ಮೊದಲ ಸಾಲಿನ ಮೇಲೇ ಒಂದು ಹನಿ ಬಿದ್ದು ಶಾಯಿ ಕದಡಿತು.

“ಇದೇನು?” ಎಂದರು ಐವಿ.

“ಕಚೇರಿ ಪ್ರಕಾರ ಏನೂ ಬೀಳ್ತಿಲ್ಲ, ಮಿಸೆಸ್ ಪ್ಯಾಸ್ಕೋ.”

“ಹೌದೇನೋ? ಹಾಗಾದ್ರೆ ಕೂತ್ಕೋ ಅಲ್ಲಿ.”

ಹಾಸಿಗೆಯ ಮೇಲೆ ಕೂತೆ. ಪ್ಯಾಂಟು ಒದ್ದೆಯಾಯಿತು, ಆಮೇಲೆ ಚರ್ಮಕ್ಕೂ ತಣ್ಣಗೆ ತಟ್ಟಿತು. ಐವಿ ಕೆಮ್ಮತೊಡಗಿದರು. ಗೋಡೆ ಹಿಡಿದುಕೊಂಡು ಕೆಮ್ಮಿದರು, ನಿಲ್ಲಲೇ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಮನುಷ್ಯರು ಒದ್ದೆಯಾಗಬಾರದು ಅಂತ ನಮ್ಮ ನಿಯಮಾವಳಿಯಲ್ಲಿ ಎಲ್ಲಾದರೂ ಇದೆಯೇ ಎಂದು ತಲೆಯಲ್ಲೇ ಪುಟ ತಿರುವಿದೆ. ಇರಲಿಲ್ಲ. ಅಷ್ಟರಲ್ಲಿ ಇನ್ನೊಂದು ಹನಿ ದಿಂಬಿನ ಮೇಲಿದ್ದ ಗ್ರಂಥಾಲಯದ ಪುಸ್ತಕದ ಮೇಲೆ ಬಿತ್ತು, ಮತ್ತು ನಾನು ಎದ್ದು ನಿಂತೆ.

ಗ್ರಂಥಾಲಯ ನಿಯಮ ಹನ್ನೊಂದು: ಪುರಸಭೆಯ ಪುಸ್ತಕವು ನೀರಿಗೆ ಸಿಲುಕಿರುವುದನ್ನು ಕಂಡ ಅಧಿಕಾರಿಯು, ಅದು ಎಲ್ಲಿದೆಯೋ ಅಲ್ಲಿಯೇ, ಇಪ್ಪತ್ನಾಲ್ಕು ಗಂಟೆಗಳೊಳಗೆ ಅದಕ್ಕೆ ಸೂರು ಒದಗಿಸತಕ್ಕದ್ದು.

“ಮಿಸೆಸ್ ಪ್ಯಾಸ್ಕೋ, ಈ ಪುಸ್ತಕಾನ ಯಾವ ಕಾರಣಕ್ಕೂ ವಾಪಸ್ ಕೊಡಬೇಡಿ.”

“ಒಂದು ಸ್ಟಾರ್ ಪುಸ್ತಕಾನೋ ಇದು!”

“ಆದ್ರೂ ಕೊಡಬೇಡಿ.”

ಮರುದಿನ ಬೆಳಗ್ಗೆ ನಾನು ಕಳಿಸಿದ ಇಬ್ಬರು ಕೆಲಸಗಾರರು ತಗಡು ಹೊತ್ತು ಬಂದರು. ಪುಸ್ತಕದ ಉದ್ದಗಲ ಅಳೆದು, ಅಷ್ಟೇ ಅಗಲದ ಸೂರನ್ನು ಪುಸ್ತಕ ಇಡುವ ಗೋಡೆಗೂಡಿನ ಮೇಲೆ ಹೊಡೆದು ಹೊರಟರು. ಐವಿ ತಡೆದರು: “ಎಲ್ಲಿಗೆ ಹೊರಟ್ರಿ? ನಾನು ಮಲಗಿಕೊಂಡೇ ಓದೋದು.” ದಿಂಬಿನ ಮೇಲಕ್ಕೆ ತಗಡು ಬಂತು. “ಓದ್ತಾ ಓದ್ತಾ ನಿದ್ದೆ ಹತ್ತಿದ್ರೆ ಪುಸ್ತಕ ಜಾರಿ ಕಾಲ ಹತ್ತಿರ ಹೋಗುತ್ತೆ.” ಕಾಲಿನವರೆಗೂ ಬಂತು. “ಹೊರಳಾಡೋದು ಬೇರೆ ನನಗೆ ಅಭ್ಯಾಸ. ಟೀ ಮಾಡೋಕೆ ಹೋದಾಗ ಕೈಯಲ್ಲೇ ಹಿಡ್ಕೊಂಡು ಹೋಗ್ತೀನಿ, ಬಚ್ಚಲಿಗೂ ಅಷ್ಟೇ.” ಗುರುವಾರ ಮಧ್ಯಾಹ್ನದ ಹೊತ್ತಿಗೆ ನಾಲ್ಕನೇ ನಂಬರಿನ ಇಡೀ ಛಾವಣಿ ಹೊಸದಾಗಿತ್ತು.

ಗ್ಲಾಡ್ವಿನ್ ಕೆಂಡವಾಗಿ ಬಂದರು. “ಯಾರಪ್ಪಾ ಇದಕ್ಕೆ ಅನುಮತಿ ಕೊಟ್ಟವನು? ಛಾವಣಿ ರಿಪೇರಿ ಮಾಡಿದೀವಿ ಅಂತ ಗೊತ್ತಾದ್ರೆ ನಾಳೆ ಎಲ್ಲರೂ ಕೇಳ್ತಾರೆ!”

“ಛಾವಣಿ ರಿಪೇರಿ ಅಲ್ಲ. ಗ್ರಂಥರಕ್ಷಣೆ.” ಕಡತ ಮುಂದಿಟ್ಟೆ.

ಎರಡು ಸಲ ಓದಿದರು. ಮುಖ ತಿಳಿಯಾಯಿತು. “ಪುಸ್ತಕಕ್ಕಾದ್ರೆ ಸರಿ ಬಿಡು. ಆದ್ರೆ ಒಂದು ಎಡವಟ್ಟಿದೆಯಲ್ಲ. ಗ್ರಂಥರಕ್ಷಣೆಯ ಸೂರಿನ ಕೆಳಗೆ ಈ ಮುದುಕಿ ಯಾಕಿದಾಳೆ ಅಂತ ತಪಾಸಣೆಯವರು ಕೇಳಿದ್ರೆ? ಅಲ್ಲಿ ಪುಸ್ತಕ ಇರಬಹುದು, ಗೂಡು ಇರಬಹುದು, ಸ್ಟ್ಯಾಂಡು ಇರಬಹುದು. ಮನುಷ್ಯರಿಗೆ ಅವಕಾಶ ಇಲ್ಲ ಕಣೋ.”

ನಾವಿಬ್ಬರೂ ಕೂತು ಒಂದು ದಾಸ್ತಾನು ನಮೂನೆ ತುಂಬಿದೆವು. ಆಮೇಲೆ ಅದನ್ನು ಹಿಡಿದು ಐವಿಯವರ ಮನೆಗೆ ಹೋದೆವು.

ಐವಿ ಕನ್ನಡಕ ಏರಿಸಿ ಓದಿದರು. “‘ಪುಸ್ತಕ: ಒಂದು. ಪುಸ್ತಕ ಹಿಡಿಯುವ ಸ್ಟ್ಯಾಂಡು: ಒಂದು, ಎಪ್ಪತ್ತೊಂಬತ್ತು ವರ್ಷ ಹಳೆಯದು.’ ಇದು ನಾನಾ?”

“ಬೇಸರ ಮಾಡ್ಕೋಬೇಡಿ, ಮೇಡಂ. ಕಾಗದದ ಮೇಲೆ ಮಾತ್ರ,” ಎಂದರು ಗ್ಲಾಡ್ವಿನ್.

“ಸ್ಟ್ಯಾಂಡನ್ನ ಇಲ್ಲಿಂದ ಎಬ್ಬಿಸೋ ಹಾಗಿಲ್ಲ ತಾನೆ?”

“ಪುಸ್ತಕ ಇರೋವರೆಗೂ ಇಲ್ಲ.”

“ಪೆನ್ನು ಕೊಡಪ್ಪಾ.”

ಸುದ್ದಿ ಊರೆಲ್ಲ ಹಬ್ಬಿತು. ಉಳಿದಿದ್ದ ಪ್ರತಿಗಳೆಲ್ಲ ಒಂದೇ ಬೆಳಗ್ಗೆ ಖಾಲಿಯಾದವು. ಆಮೇಲೆ ಜನ ಯಾವ ಪುಸ್ತಕವಾದರೂ ಸರಿ ಅಂದರು. ಕುರಿ ರೋಗಗಳ ಕೈಪಿಡಿ, ನಾರ್ವೆ ಭಾಷೆಯ ವ್ಯಾಕರಣ, ನಲವತ್ತನೇ ಪುಟ ಹರಿದ ಗುಲಾಬಿ ಪುಸ್ತಕ, ಎಲ್ಲವೂ ಒದ್ದೆ ಮನೆಗಳಿಗೆ ಹೋದವು. ಗ್ಲಾಡ್ವಿನ್ ಅವರ ಕಾಫಿ ಯಂತ್ರ ಮಾರಿ ತಗಡು ತರಿಸಲಾಯಿತು. ಕಪಾಟುಗಳು ಬರಿದಾದ ಗ್ರಂಥಾಲಯಕ್ಕೆ ರಾಜ್ಯದಲ್ಲೇ ಅತಿ ಹೆಚ್ಚು ಓದುವ ಊರು ಎಂಬ ಫಲಕ ಬಂತು, ಗ್ಲೆನಿಸ್ ಅತ್ತುಬಿಟ್ಟಳು. ಕ್ಲಾರಿ ಮಾತ್ರ ಫ್ರೀಜರಿಗೆ ಸೂರು ಕೇಳಿ ಅರ್ಜಿ ಹಾಕಿದ್ದಾನೆ, ಪರಿಶೀಲನೆಯಲ್ಲಿದೆ.

ಈಗ ಮೂರು ವಾರಕ್ಕೊಮ್ಮೆ ಗ್ರಂಥರಕ್ಷಣಾ ತನಿಖಾಧಿಕಾರಿ ಮನೆಮನೆಗೆ ಹೋಗಿ ಪುಸ್ತಕಗಳ ಕ್ಷೇಮ ವಿಚಾರಿಸುತ್ತಾನೆ. ಐವಿ ಅವನಿಗೆ ಟೀ ಕೊಡುತ್ತಾರೆ. ಅವನು ರಟ್ಟು ಮುಟ್ಟಿ ನೋಡಿ, ಪುಟ ಮೂಸಿ ನೋಡಿ, ವರದಿ ಬರೆದು ನನ್ನ ಮೇಜಿಗೆ ಕಳಿಸುತ್ತಾನೆ. ಸೆಪ್ಟೆಂಬರ್ ತಿಂಗಳ ವರದಿಯನ್ನು ಯಥಾವತ್ತಾಗಿ ಇಲ್ಲಿ ಕೊಟ್ಟಿದ್ದೇನೆ. ‘ಮನೆ ನಂಬರ್ ನಾಲ್ಕು. ಪುಸ್ತಕ: ಒಣಗಿದೆ. ಸ್ಟ್ಯಾಂಡು: ಕೆಮ್ಮು ನಿಂತಿದೆ, ಇನ್ನೂ ಹತ್ತು ವರ್ಷ ಬಾಳಿಕೆ ಬರಬಹುದು.’